ವೈದ್ಯನ ಮೊದಲ ಹೆಜ್ಜೆ

ಶರಣರು ಜ್ಞಾನ-ಕ್ರಿಯೆಗಳನ್ನು ಬೇರೆಬೇರೆಯಾಗಿ ಕಂಡವರಲ್ಲ. ಅರಿತುದು ಆಚರಣೆಗೆ ಬಾರದಿದ್ದರೆ ಅದು ಅರಿವೇ ಅಲ್ಲವೆಂಬುದು ಅವರ ನಿಲವು. ಈ ಮಾತು ಅಧ್ಯಾತ್ಮಕ್ಕೆ ಮಾತ್ರವಲ್ಲ, ಪರರ ಪ್ರಾಣವನ್ನು ಕೈಯಲ್ಲಿ ಹಿಡಿಯುವ ವೈದ್ಯವಿದ್ಯೆಗೂ ಅನ್ವಯಿಸುತ್ತದೆ.

ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ ವೈದ್ಯನಾದ ತರುಣನೊಬ್ಬನು ಕೆಲಸಕ್ಕೆ ಸೇರಿದ ಕೆಲವು ತಿಂಗಳ ಮೇಲೆ ದರ್ಶನಕ್ಕೆ ಬಂದಿದ್ದನು. “ಬುದ್ಧಿ, ಹೆರಿಗೆಯ ವಿಷಯದಲ್ಲಿ ನನಗೆ ಒಳ್ಳೆಯ ಅಂಕಗಳು ಬಂದಿದ್ದವು. ಆದರೆ ಮೊದಲ ರಾತ್ರಿ ಒಬ್ಬನೇ ನಿಂತಾಗ ಕೈ ನಡುಗಿತು. ಹಿರಿಯ ದಾದಿಯೊಬ್ಬರು ಪಕ್ಕದಲ್ಲಿ ನಿಂತು ತಾಯಿ-ಮಗುವನ್ನು ಉಳಿಸಿದರು” ಎಂದನು. ಇದು ಅವನ ದೋಷವೋ, ಕಲಿಸಿದ ಕ್ರಮದ ದೋಷವೋ? ಈ ಪ್ರಶ್ನೆ ಇಂದಿನದಲ್ಲ.

ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ‘ಯೋಗ್ಯಾಸೂತ್ರೀಯ’ವೆಂದು ಹೆಸರು. ‘ಯೋಗ್ಯಾ’ ಎಂದರೆ ಕರ್ಮಾಭ್ಯಾಸ. ಶಾಸ್ತ್ರವನ್ನೆಲ್ಲ ಓದಿದ ಶಿಷ್ಯನಿಗೂ ಅಭ್ಯಾಸವಿಲ್ಲದೆ ಚಿಕಿತ್ಸೆಯ ಅರ್ಹತೆಯಿಲ್ಲವೆಂಬುದು ಅಲ್ಲಿನ ಅಭಿಪ್ರಾಯ. ಆದಕಾರಣ ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆಯೂ, ಕೆರೆಯುವುದನ್ನು ರೋಮವುಳ್ಳ ಚರ್ಮದ ಮೇಲೆಯೂ, ಹೊಲಿಯುವುದನ್ನು ದಪ್ಪ ಬಟ್ಟೆಯ ಮೇಲೆಯೂ, ಪಟ್ಟಿ ಕಟ್ಟುವುದನ್ನು ಮನುಷ್ಯಾಕೃತಿಯ ಬೊಂಬೆಯ ಮೇಲೆಯೂ ಕಲಿಯಬೇಕಾಗಿತ್ತು. ಮುಂದಿನ ಅಧ್ಯಾಯವು ವೃತ್ತಿಪ್ರವೇಶವನ್ನು ಕುರಿತದ್ದು. ಶಾಸ್ತ್ರವನ್ನು ಓದಿ, ಅರ್ಥವನ್ನು ಗ್ರಹಿಸಿ, ಕರ್ಮವನ್ನು ಕಂಡು, ತಾನೂ ಮಾಡಿ, ಅರಸನ ಅನುಮತಿ ಪಡೆದ ಬಳಿಕವೇ ಶಿಷ್ಯನು ರೋಗಿಗಳ ನಡುವೆ ಕಾಲಿಡತಕ್ಕದ್ದು.

ಆಂಗ್ಲರ ಕಾಲದಲ್ಲಿ, 1835ರಲ್ಲಿ, ಕಲ್ಕತ್ತಾ ಮತ್ತು ಮದರಾಸುಗಳಲ್ಲಿ ಪಾಶ್ಚಾತ್ಯ ವೈದ್ಯಶಿಕ್ಷಣ ನೆಲೆಗೊಂಡಿತು. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಆಗ ದೇಶದಲ್ಲಿ ಪದವೀಧರರು ಮತ್ತು ಕಿರಿಯ ಅವಧಿಯ ವ್ಯಾಸಂಗ ಮಾಡಿದ ಲೈಸೆನ್ಷಿಯೇಟರು ಎಂಬ ಎರಡು ವರ್ಗದ ವೈದ್ಯರಿದ್ದರು. 1943ರಲ್ಲಿ ನೇಮಕಗೊಂಡ ಸರ್ ಜೋಸೆಫ್ ಭೋರ್ ಸಮಿತಿಯು 1946ರಲ್ಲಿ ವರದಿಯಿತ್ತಿತು. ಅದು ಎಣಿಸಿದ ಸುಮಾರು 47,500 ವೈದ್ಯರಲ್ಲಿ 30,000ದಷ್ಟು ಮಂದಿ ಲೈಸೆನ್ಷಿಯೇಟರೇ. ಎರಡು ವರ್ಗಗಳನ್ನು ತೊಡೆದು ಒಂದೇ ಬಗೆಯ ‘ಮೂಲ ವೈದ್ಯ’ನನ್ನು ರೂಪಿಸಬೇಕು, ಅವನಿಗೆ ಸಮಾಜವೈದ್ಯದಲ್ಲಿ ಮೂರು ತಿಂಗಳ ತರಬೇತಿ ಇರಬೇಕು ಎಂದು ಸಮಿತಿ ಸೂಚಿಸಿತು. ಲೈಸೆನ್ಷಿಯೇಟ್ ವ್ಯಾಸಂಗವೇನೋ ನಿಂತಿತು. ಆದರೆ ಕಲಿಕೆ ಮಾತ್ರ ನಗರದ ದೊಡ್ಡ ಆಸ್ಪತ್ರೆಗಳಲ್ಲಿಯೇ ಉಳಿಯಿತು. ಎಲ್ಲ ಉಪಕರಣಗಳೂ ಹಿರಿಯರೂ ಇದ್ದಲ್ಲಿ ಕಲಿತವನು, ಇವೆರಡೂ ಇಲ್ಲದ ಹಳ್ಳಿಯಲ್ಲಿ ನಿಲ್ಲಬೇಕಾಯಿತು.

1975ರಲ್ಲಿ ಶ್ರೀವಾಸ್ತವ ಸಮಿತಿಯೂ ಈ ಕೊರತೆಯನ್ನೇ ಎತ್ತಿ ತೋರಿಸಿತು. ತರುವಾಯ 1977ರ ಯೋಜನೆಯಂತೆ ಪ್ರತಿ ಕಾಲೇಜೂ ಮೂರು ಗ್ರಾಮೀಣ ಬ್ಲಾಕುಗಳ ಹೊಣೆ ಹೊರಬೇಕಾಯಿತು. 2019ರಿಂದ ಜಾರಿಗೆ ಬಂದ ಪಠ್ಯಕ್ರಮವು ಮೊದಲ ವರ್ಷದಿಂದಲೇ ರೋಗಿಯ ದರ್ಶನ, ಸಂವಾದದ ಶಿಕ್ಷಣ, ಕೈಕೆಲಸಗಳನ್ನು ದಾಖಲಿಸುವ ಪುಸ್ತಕ ಇವನ್ನು ವಿಧಿಸಿದೆ. 2021ರ ನಿಯಮಗಳು ಹನ್ನೆರಡು ತಿಂಗಳ ಇಂಟರ್ನ್‌ಷಿಪ್ಪಿನ ಕ್ರಮವನ್ನು ವಿವರವಾಗಿ ಹೇಳಿವೆ. ಇವೆಲ್ಲ ಸ್ತುತ್ಯವೇ. ಆದರೆ ಆ ವರ್ಷವನ್ನೇ ಉನ್ನತ ವ್ಯಾಸಂಗದ ಪ್ರವೇಶಪರೀಕ್ಷೆಯ ಓದಿಗೆ ವ್ಯಯಿಸುವ ತರುಣರು ಅನೇಕರಿದ್ದಾರೆ. ಹಾಗಾದಲ್ಲಿ ಪುಸ್ತಕ ತುಂಬುತ್ತದೆ, ಕೈ ಪಳಗುವುದಿಲ್ಲ.

ಈ ಚರಿತ್ರೆಯಿಂದ ವಿದಿತವಾಗುವುದಿಷ್ಟು: ಕರ್ಮಾಭ್ಯಾಸವೆಂಬುದು ಗುರುವಿನ ಕಣ್ಣೆದುರು ನಡೆಯಬೇಕಾದುದು. ನಿಯಮವು ಅವಧಿಯನ್ನು ಗೊತ್ತುಮಾಡಬಲ್ಲುದು. ಪಕ್ಕದಲ್ಲಿ ನಿಲ್ಲುವ ಹಿರಿಯನನ್ನು ಸೃಷ್ಟಿಸಲಾರದು. ಆ ತರುಣನ ಕೈ ನಡುಗಿದ್ದು ದೋಷವಲ್ಲ. ತನ್ನ ಹೊಣೆಯನ್ನು ಅರಿತವನ ಕೈ ಮೊದಲ ದಿನ ನಡುಗಿಯೇ ನಡುಗುತ್ತದೆ. ಅವನನ್ನು ಒಂಟಿಯಾಗಿ ಬಿಟ್ಟದ್ದೇ ದೋಷ. ಅಂದು ಗುರುವಿನ ಸ್ಥಾನದಲ್ಲಿ ನಿಂತವರು ಆ ದಾದಿ. ಜಾತಿ-ಕುಲಗಳನ್ನಾಗಲಿ ಪದವಿಯನ್ನಾಗಲಿ ಎಣಿಸದೆ ಅರಿವನ್ನೇ ಗುರುವೆಂದ ಪರಂಪರೆ ನಮ್ಮದು. ಅವರಿಂದ ಕಲಿತೆನೆಂದು ಹೇಳಿಕೊಳ್ಳಲು ಆ ತರುಣನು ಸಂಕೋಚಪಡಲಿಲ್ಲವೆಂಬುದೇ ನಮಗೆ ಸಂತೋಷ.

ಮಠದಲ್ಲಿ ಓದಿ ಇಂದು ಹಿರಿಯ ವೈದ್ಯರಾಗಿರುವ ಭಕ್ತರು ಹಲವರಿದ್ದಾರೆ. ತಮ್ಮ ಸೀಮೆಗೆ ಹೊಸದಾಗಿ ಬಂದ ವೈದ್ಯನನ್ನು ಅವರೇ ಕರೆದು ಮಾತನಾಡಿಸಲಿ. ನಡುರಾತ್ರಿ ಕರೆ ಬಂದರೂ ಬೇಸರಿಸದೆ ದಾರಿ ತೋರಲಿ. ಇದೂ ದಾಸೋಹವೇ. ಇಂಥ ಆಸರೆಯಿಂದ ಕಿರಿಯ ವೈದ್ಯರ ಮೊದಲ ಹೆಜ್ಜೆ ದೃಢವಾಗಲಿ, ರೋಗಿಗಳಿಗೆ ಒಳಿತಾಗಲಿ ಎಂದು ಹಾರೈಸುತ್ತೇವೆ.