ಮಣ್ಣಿನಲ್ಲಿ ಸಿಕ್ಕ ಹಳೆ ಬಾಟಲಿ: ನಿಧಿಯೋ, ಕಸವೋ, ವಿಷವೋ?

ರಾಗಿ ಕೊಯ್ಲು ಮುಗಿಯುತ್ತಾ ಬಂದು, ಬೆಳಗಿನ ಇಬ್ಬನಿ ಶುರುವಾಗುವ ಹೊತ್ತಿಗೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮಣ್ಣಿನ ಕೆಲಸ ಜೋರಾಗುತ್ತದೆ. ಹಿಂಗಾರು ನಿಂತ ಮೇಲೆ ಕೆಲವು ವಾರ ಮಣ್ಣು ಹದವಾಗಿರುತ್ತದೆ, ಗುದ್ದಲಿಗೆ ಸುಲಭ. ಮನೆಗೆ ಪಾಯ ತೆಗೆಯುವಾಗ, ತೋಟಕ್ಕೆ ಬಸಿಗಾಲುವೆ ಹೊಡೆಯುವಾಗ, ಹಳೆ ಹಿತ್ತಲಿನ ತಿಪ್ಪೆ ಕೆದಕುವಾಗ ಒಂದು ಗೋಲಿ ಸೋಡಾ ಬಾಟಲಿಯೋ, ಔಷಧಿ ಸೀಸೆಯೋ, ಉಪ್ಪಿನಕಾಯಿ ಜಾಡಿಯೋ ಸಿಗುತ್ತದೆ.

ಫೋಟೊ ತಕ್ಷಣ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. 'ಬ್ರಿಟಿಷರ ಕಾಲದ್ದು, ಲಕ್ಷ ಬೆಲೆ ಬಾಳುತ್ತೆ' ಎಂದು ಒಬ್ಬರು, 'ಚೆನ್ನಾಗಿ ತೊಳೆದು ಎಣ್ಣೆ ಹಾಕಿಡಿ, ಈಗಿನ ಪ್ಲಾಸ್ಟಿಕ್‌ಗಿಂತ ವಾಸಿ' ಎಂದು ಇನ್ನೊಬ್ಬರು. ಮೊದಲನೆಯ ಮಾತು ನಂಬಿದರೆ ಹಣ ಹೋಗಬಹುದು. ಎರಡನೆಯದನ್ನು ನಂಬಿದರೆ ಆರೋಗ್ಯವೇ ಹೋಗಬಹುದು. ಒಂದೊಂದಾಗಿ ನೋಡೋಣ.

ಇಲ್ಲಿ ಹಳೆ ಬಾಟಲಿಗಳು ಏಕೆ ಸಿಗುತ್ತವೆ?

ಕಡೂರು, ಬೀರೂರು, ಅಜ್ಜಂಪುರ ಮೂರೂ ಬೆಂಗಳೂರು–ಹರಿಹರ ರೈಲು ಮಾರ್ಗದ ಊರುಗಳು. ಬೀರೂರಿನಿಂದ ತರೀಕೆರೆ ಮೂಲಕ ಶಿವಮೊಗ್ಗಕ್ಕೆ ಹೋಗುವ ಮಾರ್ಗ 1899ರಲ್ಲಿ ಆಯಿತು. ರೈಲಿನ ಜೊತೆಗೆ ಸೋಡಾ, ಶಾಯಿ, ಸೀಮೆಎಣ್ಣೆ, ಔಷಧಿ ಎಲ್ಲವೂ ಊರೊಳಗೆ ಬಂದವು. ಕಸದ ಗಾಡಿ ಇಲ್ಲದ ಕಾಲ. ಒಡೆದದ್ದು, ಬೇಡವಾದದ್ದು ತಿಪ್ಪೆಗುಂಡಿಗೋ, ಹಾಳುಬಾವಿಗೋ, ಊರಾಚೆಯ ಹಳ್ಳಕ್ಕೋ ಹೋಗುತ್ತಿತ್ತು.

ಇನ್ನೊಂದು ವಿಷಯ ನೆನಪಿಡಿ. ತಿಪ್ಪೆಗೊಬ್ಬರವನ್ನೂ ಕೆರೆ ಹೂಳನ್ನೂ ಹೊಲಕ್ಕೆ ಹೊಡೆಯುವುದು ನಮ್ಮಲ್ಲಿ ಹಳೆಯ ರೂಢಿ. ಗೊಬ್ಬರದ ಜೊತೆ ಗಾಜೂ ಬರುತ್ತದೆ. ಹಾಗಾಗಿ ನಿಮ್ಮ ಹೊಲದಲ್ಲಿ ಸೀಸೆ ಸಿಕ್ಕಿದೆ ಎಂದ ಮಾತ್ರಕ್ಕೆ ಅಲ್ಲಿ ಹಿಂದೆ ಬಂಗಲೆ ಇತ್ತು ಎಂದಾಗಲಿ, ಕೆಳಗೆ ಇನ್ನೇನೋ ಹೂತಿದೆ ಎಂದಾಗಲಿ ಅರ್ಥವಲ್ಲ.

'ನೆಲದಲ್ಲಿದ್ದದ್ದು ತಾನಾಗಿಯೇ ಮೇಲೆ ಬರುತ್ತದೆ' ಎನ್ನುವುದು ನಿಜವೇ?

ನಿಧಿಯ ಕೊಪ್ಪರಿಗೆ ನೆಲದೊಳಗೆ ಉರುಳುತ್ತದೆ, ಯೋಗವಿದ್ದವರಿಗೆ ಕಾಣಿಸುತ್ತದೆ ಎಂಬ ಕಥೆಗಳನ್ನು ಎಲ್ಲರೂ ಕೇಳಿದ್ದೇವೆ. ವಸ್ತುಗಳು ಮೇಲೆ ಬರುವುದು ನಿಜ, ಆದರೆ ಕಾರಣ ಯೋಗವಲ್ಲ, ಮಣ್ಣು. ಅಜ್ಜಂಪುರದ ಕಡೆಯ ಎರೆಮಣ್ಣಿನಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಮೇಲಿನ ಪುಡಿಮಣ್ಣು ಬೀಳುತ್ತದೆ. ಮುಂದಿನ ಮಳೆಗೆ ಜೇಡಿ ಮತ್ತೆ ಉಬ್ಬಿದಾಗ ಜಾಗ ಸಾಲದೆ ಕಲ್ಲು, ಗಾಜು ಮೇಲಕ್ಕೆ ಒತ್ತಿಕೊಳ್ಳುತ್ತವೆ. ವರ್ಷ ವರ್ಷ ಇದು ನಡೆಯುತ್ತಲೇ ಇರುತ್ತದೆ. ಕೆಂಪು ಮಣ್ಣಿನ ಹೊಲಗಳಲ್ಲಿ ಮಳೆ ನೀರು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗಿ ಒಳಗಿದ್ದದ್ದನ್ನು ತೋರಿಸುತ್ತದೆ. ಮಳೆಗಾಲ ಕಳೆದ ಮೇಲೆಯೇ ಇಂಥವು ಹೆಚ್ಚು ಕಣ್ಣಿಗೆ ಬೀಳುವುದು ಇದಕ್ಕೇ.

ಬಾಟಲಿಯ ವಯಸ್ಸನ್ನು ಹೇಗೆ ಅಂದಾಜು ಮಾಡುವುದು?

ಪಕ್ಕದಲ್ಲಿ ಮೇಲಿನಿಂದ ಕೆಳಗೆ ಇರುವ ಅಚ್ಚಿನ ಗೆರೆಯನ್ನು ಬೆರಳಿನಿಂದ ಸವರಿ ನೋಡಿ. ಗೆರೆ ಕತ್ತಿನಲ್ಲೇ ನಿಂತು, ಬಾಯಿಯ ಅಂಚು ಬೇರೆಯಾಗಿ ತಿದ್ದಿದಂತೆ ಇದ್ದರೆ ಅದು ಅಚ್ಚಿನೊಳಗೆ ಬಾಯಿಂದ ಊದಿ ಮಾಡಿದ್ದು. ಗೆರೆ ಬಾಯಿಯ ತುದಿಯವರೆಗೂ ಹೋಗಿದ್ದರೆ ಯಂತ್ರದಲ್ಲಿ ತಯಾರಾದದ್ದು. ಪೂರ್ತಿ ಸ್ವಯಂಚಾಲಿತ ಬಾಟಲಿ ಯಂತ್ರವನ್ನು ಅಮೆರಿಕದ ಮೈಕೆಲ್ ಓವೆನ್ಸ್ ರೂಪಿಸಿದ್ದು 1900ರ ದಶಕದ ಮೊದಲ ವರ್ಷಗಳಲ್ಲಿ. ಆದರೆ ಭಾರತದಲ್ಲಿ ಕೈಯಿಂದ ಗಾಜು ಊದುವ ಕೆಲಸ ಆಮೇಲೂ ಬಹುಕಾಲ ನಡೆಯಿತು. ಆದ್ದರಿಂದ ಗೆರೆ ಹೇಳುವುದು ಹೇಗೆ ಮಾಡಿದರು ಎಂಬುದನ್ನು, ಯಾವ ವರ್ಷ ಎಂಬುದನ್ನಲ್ಲ.

ಗೋಲಿ ಸೋಡಾ ಬಾಟಲಿಯೂ ಅಷ್ಟೆ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸೋಡಾದ ಗ್ಯಾಸ್ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ, ಬಿರಡೆಯೇ ಬೇಡ. ಆದರೆ ಇದೇ ಬಗೆಯ ಬಾಟಲಿ ಭಾರತದಲ್ಲಿ ಇಂದಿಗೂ ತಯಾರಾಗುತ್ತದೆ. ಗೋಲಿ ಇದೆ ಎಂಬುದೊಂದೇ 'ಬ್ರಿಟಿಷರ ಕಾಲ'ಕ್ಕೆ ಸಾಕ್ಷಿಯಲ್ಲ. ಗಾಜಿನ ಮೇಲಿನ ಉಬ್ಬಕ್ಷರದಲ್ಲಿ ಸೋಡಾ ಕಾರ್ಖಾನೆಯ ಅಥವಾ ಊರಿನ ಹೆಸರಿದ್ದರೆ ಅದು ಹೆಚ್ಚು ಉಪಯುಕ್ತ ಸುಳಿವು.

ಗಾಜಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ?

ಅದು ರತ್ನವೂ ಅಲ್ಲ, ನಾಗಮಣಿಯೂ ಅಲ್ಲ. ತೇವದ ಮಣ್ಣಿನಲ್ಲಿ ಬಹುಕಾಲ ಇದ್ದ ಗಾಜಿನ ಮೇಲ್ಮೈಯಿಂದ ಸೋಡಿಯಂನಂಥ ಅಂಶಗಳು ನೀರಿಗೆ ಹೋಗಿ, ತೆಳುವಾದ ಪದರಗಳು ಉಳಿಯುತ್ತವೆ. ಆ ಪದರಗಳಲ್ಲಿ ಬೆಳಕು ಆಡುವುದರಿಂದ ಬಣ್ಣ ಕಾಣುತ್ತದೆ. ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಚೆಲ್ಲಿದಾಗ ಕಾಣುವುದೂ ಇದೇ. ನೇರಳೆ ಛಾಯೆಗೆ ಕಾರಣ ಬೇರೆ. ಗಾಜಿನ ಹಸಿರು ಬಣ್ಣ ಹೋಗಲಾಡಿಸಲು ಹಿಂದೆ ಮ್ಯಾಂಗನೀಸ್ ಸೇರಿಸುತ್ತಿದ್ದರು. ಅಂಥ ಗಾಜು ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದಿದ್ದರೆ ನೇರಳೆಗೆ ತಿರುಗುತ್ತದೆ.

ನಿಜಕ್ಕೂ ಲಕ್ಷ ಬೆಲೆ ಬರುತ್ತದೆಯೇ?

ಹಳೆ ಬಾಟಲಿ ಸಂಗ್ರಹಿಸುವ ಹವ್ಯಾಸಿಗಳು ಇದ್ದಾರೆ. ಅವರು ನೋಡುವುದು ಅಪರೂಪದ ಉಬ್ಬಕ್ಷರ, ಬಣ್ಣ, ಒಡಕಿಲ್ಲದ ಸ್ಥಿತಿ. ಲಕ್ಷಗಟ್ಟಲೆ ತಯಾರಾದ ಸಾಮಾನ್ಯ ಸೀಸೆಗೆ ಹಳೆಯದು ಎಂಬ ಒಂದೇ ಕಾರಣಕ್ಕೆ ದೊಡ್ಡ ಬೆಲೆ ಬರುವುದಿಲ್ಲ. 'ನಾವು ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ, ತೆರಿಗೆ, ಕೊರಿಯರ್ ಖರ್ಚು ಕಳಿಸಿ' ಎಂದರೆ ಅದು ಮೋಸ. ಹಳೆ ನಾಣ್ಯ, ನೋಟುಗಳ ಹೆಸರಿನಲ್ಲಿ ಇದೇ ಆಟ ನಡೆದಾಗ ರಿಸರ್ವ್ ಬ್ಯಾಂಕ್ 2021ರಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತ್ತು. ಹಣ ಕಳಿಸಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ತೊಳೆದು ಅಡುಗೆಮನೆಗೆ ಬಳಸಬಹುದೇ?

ಬೇಡ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ತಿಪ್ಪೆಯಲ್ಲಿ ಸಿಕ್ಕ ಸೀಸೆಯಲ್ಲಿ ಮೊದಲು ಏನಿತ್ತು ಎಂದು ನೋಡಿ ಹೇಳಲು ಆಗುವುದಿಲ್ಲ. ಹಳೆಯ ರೈತರಿಗೆ ಎಂಡ್ರಿನ್ ಹೆಸರು ನೆನಪಿರಬಹುದು. ಬೆಳೆಗೆ ಹೊಡೆಯುತ್ತಿದ್ದ ಈ ಕಡುವಿಷವನ್ನು ಭಾರತದಲ್ಲಿ 1990ರಲ್ಲಿ ನಿಷೇಧಿಸಲಾಯಿತು. ಇದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಜಾತಿಯದು. ಖಾಲಿ ಸೀಸೆಗಳನ್ನು ಆಗ ಹೊಲದ ಬದುವಿಗೋ ತಿಪ್ಪೆಗೋ ಎಸೆಯುತ್ತಿದ್ದುದು ಸಾಮಾನ್ಯ. ಚೀಟಿ ಕೊಳೆತು ಹೋದ ಮೇಲೆ ವಿಷದ ಸೀಸೆಗೂ ತಲೆಗೆ ಹಚ್ಚುವ ಎಣ್ಣೆಯ ಸೀಸೆಗೂ ವ್ಯತ್ಯಾಸ ತಿಳಿಯುವುದಿಲ್ಲ.

ಕಡುನೀಲಿ ಅಥವಾ ಹಸಿರು ಬಣ್ಣದ, ಮೈಮೇಲೆ ಏಣುಗಳಿರುವ ಸೀಸೆ ಸಿಕ್ಕರೆ ಇನ್ನೂ ಎಚ್ಚರ. ಬ್ರಿಟನ್ನಿನಲ್ಲಿ ವಿಷದ ಔಷಧಿಗಳನ್ನು ಇಂಥ ಸೀಸೆಗಳಲ್ಲಿ ತುಂಬುತ್ತಿದ್ದರು. ಕತ್ತಲೆಯಲ್ಲಿ ಮುಟ್ಟಿದರೂ ಗೊತ್ತಾಗಲಿ ಎಂದೇ ಆ ಏಣು. ಒಳಗೆ ದ್ರವ ಅಥವಾ ಪುಡಿ ಉಳಿದಿದ್ದರೆ ಬಿರಡೆ ತೆಗೆಯಬೇಡಿ, ಮೂಸಬೇಡಿ, ಮೋರಿಗೆ ಸುರಿಯಬೇಡಿ. ಮಕ್ಕಳಿಗೆ ಸಿಗದಂತೆ ಬೇರೆ ಇಟ್ಟು, ಏನು ಮಾಡಬೇಕೆಂದು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಪಿಂಗಾಣಿ ಜಾಡಿಯ ಕಥೆಯೂ ಹೀಗೇ. ಕೆಲವು ಹಳೆ ಜಾಡಿಗಳ ಹೊಳಪಿನ ಲೇಪದಲ್ಲಿ ಸೀಸ ಇರುತ್ತದೆ. ಮಾವಿನಕಾಯಿ, ನಿಂಬೆಯ ಹುಳಿ ಆ ಸೀಸವನ್ನು ಉಪ್ಪಿನಕಾಯಿಗೆ ಇಳಿಸಬಲ್ಲದು. ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ, ರುಚಿಯಲ್ಲಿ ತಿಳಿಯುವುದಿಲ್ಲ. ಲೇಪ ಬಿರುಕು ಬಿಟ್ಟಿದ್ದರೆ ಒಳಗೆ ಹೀರಿಕೊಂಡದ್ದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಅಜ್ಜಿಯ ಕಾಲದಿಂದ ಮನೆಯೊಳಗೇ ಬಳಕೆಯಲ್ಲಿರುವ ಜಾಡಿ ಬೇರೆ, ಮಣ್ಣಿನಿಂದ ತೆಗೆದ ಜಾಡಿ ಬೇರೆ. ತೊಳೆದು ಅಲಂಕಾರಕ್ಕೆ ಇಡಿ, ಸಾಕು.

ಗಾಜು ಚುಚ್ಚಿದರೆ ಟಿಟಿ ಬೇಕೇ? ತುಕ್ಕಿದ್ದರೆ ಮಾತ್ರವೇ?

ಧನುರ್ವಾಯು ತುಕ್ಕಿನಿಂದ ಬರುವುದಲ್ಲ. ಅದರ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ತಿಪ್ಪೆಯ ಗಾಜು ಆಳವಾಗಿ ಚುಚ್ಚಿದರೆ ಅಪಾಯ ತುಕ್ಕಿನ ಮೊಳೆಯಷ್ಟೇ. ಗಾಯವನ್ನು ಹರಿಯುವ ನೀರು, ಸೋಪಿನಿಂದ ತೊಳೆಯಿರಿ. ಕಾಫಿಪುಡಿ, ಅರಿಶಿನ, ಸಗಣಿ ಮೆತ್ತಬೇಡಿ. ಹಿಂದಿನ ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಅಥವಾ ನೆನಪೇ ಇಲ್ಲದಿದ್ದರೆ ಬೇಗನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಕಲ್ಲು, ತರಗೆಲೆಯ ರಾಶಿಯಲ್ಲಿ ಕೊಳಕುಮಂಡಲ, ಚೇಳು ಇರುತ್ತವೆ. ಬರಿಗೈ ಹಾಕಬೇಡಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಬೇಡ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.

ಹಗೇವು, ಹಾಳುಬಾವಿಗೆ ಇಳಿದವರನ್ನು 'ದೆವ್ವ' ಹಿಡಿಯುತ್ತದೆಯೇ?

ಹಳೆ ಊರುಗಳಲ್ಲಿ ರಾಗಿ ತುಂಬಿಡುತ್ತಿದ್ದ ಹಗೇವುಗಳು ಈಗಲೂ ಇವೆ. ಬಾಯಿ ಕಿರಿದು, ಒಳಗೆ ಅಗಲ. ಒಳಗೆ ಏನಾದರೂ ಸಿಗಬಹುದು ಎಂದು ಇಳಿದವರು ಕುಸಿದುಬಿದ್ದರೆ ಅದಕ್ಕೆ ಕಾರಣ ದೆವ್ವವಲ್ಲ, ಗಾಳಿ. ತೇವದ ಕಾಳು, ಕೊಳೆತ ಕಸ ಒಳಗಿನ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಹಿರಿಯರು ಬಾಯಿ ತೆರೆದಿಟ್ಟು, ದೀಪ ಇಳಿಸಿ ನೋಡುತ್ತಿದ್ದುದು ಇದಕ್ಕೇ. ಆದರೆ ದೀಪದ ಪರೀಕ್ಷೆ ಅರ್ಧ ಸತ್ಯ. ದೀಪ ಆರಿದರೆ ಅಪಾಯ ಖಚಿತ, ಉರಿದರೆ ಸುರಕ್ಷಿತ ಎಂದಲ್ಲ. ವಿಷಾನಿಲ ಇದ್ದರೂ ದೀಪ ಉರಿಯಬಹುದು. ಒಬ್ಬರು ಬಿದ್ದರೆ ಅವರನ್ನು ಎತ್ತಲು ಇನ್ನೊಬ್ಬರು ಇಳಿಯಬೇಡಿ. ಇಂಥ ದುರಂತಗಳಲ್ಲಿ ಉಳಿಸಲು ಹೋದವರೂ ಸಾಯುತ್ತಾರೆ. 112ಕ್ಕೆ ಕರೆ ಮಾಡಿ.

ಎಲ್ಲಿ ಅಗೆಯುವಂತಿಲ್ಲ?

ನಿಮ್ಮದಲ್ಲದ ಜಾಗದಲ್ಲಿ ಒಪ್ಪಿಗೆಯಿಲ್ಲದೆ ಅಗೆಯಬೇಡಿ. ಬೇಚರಾಕ್ ಗ್ರಾಮ, ಕೆರೆ ಅಂಗಳ, ಅರಣ್ಯ ಯಾರದ್ದೂ ಅಲ್ಲದ ಜಾಗಗಳಲ್ಲ. ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ದೇವಾಲಯದಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ.

ಗಾಜಿನ ಬದಲು ಕಪ್ಪು-ಕೆಂಪು ಮಣ್ಣಿನ ಗಡಿಗೆ, ಜೊತೆಗೆ ಮೂಳೆ, ಮಣಿ ಸಿಕ್ಕರೆ ಅದು ಸಾವಿರಾರು ವರ್ಷ ಹಿಂದಿನ ಸಮಾಧಿ ಇರಬಹುದು. ಅಲ್ಲಿಗೇ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಿ. ಚಿನ್ನ, ಬೆಳ್ಳಿ, ನಾಣ್ಯ ಸಿಕ್ಕರೂ ಹಾಗೆಯೇ. ನಿಧಿಯ ಬಗ್ಗೆ ರಾಜ್ಯದಲ್ಲಿ 1962ರ ಕಾಯ್ದೆ ಇದೆ, ಮುಚ್ಚಿಡುವುದು ಅಪರಾಧ. 1972ರ ಕೇಂದ್ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ, ಇತಿಹಾಸದ ಮಹತ್ವವುಳ್ಳ ವಸ್ತುವನ್ನು ಖಾಸಗಿಯಾಗಿ ವಿದೇಶಕ್ಕೆ ಕಳಿಸುವಂತಿಲ್ಲ.

ಸಿಕ್ಕಾಗ ಏನು ಮಾಡಬೇಕು?

ಎತ್ತುವ ಮೊದಲು ಸಿಕ್ಕ ಜಾಗದಲ್ಲೇ ಫೋಟೊ ತೆಗೆಯಿರಿ. ಎಷ್ಟು ಆಳ, ಜೊತೆಗೆ ಏನಿತ್ತು ಬರೆದಿಡಿ. ದಪ್ಪ ಕೈಗವಸು, ಶೂ ಹಾಕಿಕೊಳ್ಳಿ. ಒಳಗೆ ಏನೂ ಇಲ್ಲದ ಸೀಸೆಯನ್ನು ತಣ್ಣೀರಿನಲ್ಲಿ ನೆನೆಸಿ ತೊಳೆಯಿರಿ. ಚಳಿಗೆ ತಣ್ಣಗಾದ ಹಳೆ ಗಾಜಿಗೆ ಬಿಸಿನೀರು ಸುರಿದರೆ ಸೀಳುತ್ತದೆ. ಆಮೇಲೆ ಮನೆಯ ಹಿರಿಯರಿಗೆ ತೋರಿಸಿ ಕೇಳಿ. ಕಾಂಪೌಂಡರ್ ಮಿಕ್ಸ್ಚರ್ ತುಂಬಿ, ಕಾಗದದ ಪಟ್ಟಿ ಕತ್ತರಿಸಿ ಡೋಸಿನ ಗುರುತು ಅಂಟಿಸಿ ಕೊಡುತ್ತಿದ್ದ ಸೀಸೆ ಇದು ಎಂದು ಅವರು ಹೇಳಬಹುದು. ಊರಿನ ಯಾವ ಸೋಡಾ ಅಂಗಡಿಯದ್ದು ಎಂದೂ ನೆನಪಿಸಿಕೊಳ್ಳಬಹುದು. ಯಾರೂ ಬರೆದಿಡದ ಇಂಥ ಮಾತುಗಳು ಅವರ ಜೊತೆಗೇ ಹೋಗಿಬಿಡುತ್ತವೆ. ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ.

ಗುಂಪಿಗೆ ಕಳಿಸುವುದಾದರೆ ಫೋಟೊದ ಕೆಳಗೆ 'ಲಕ್ಷ ಬೆಲೆ' ಎಂದು ಬರೆಯುವ ಬದಲು ಇಷ್ಟು ಬರೆಯಿರಿ: 'ಮಣ್ಣಿನಲ್ಲಿ ಸಿಕ್ಕ ಸೀಸೆ, ಜಾಡಿಯಲ್ಲಿ ತಿನ್ನುವ, ಕುಡಿಯುವ ಯಾವುದನ್ನೂ ಹಾಕಬೇಡಿ.'