ಕಲ್ಲಿನಲ್ಲಿ ನಿಂತವನು ಯಾರು? ಹೊಸೂರು–ಕೃಷ್ಣಗಿರಿ ಸೀಮೆಯ ವೀರಗಲ್ಲುಗಳು

ಹೊಸೂರಿನಿಂದ ಕೃಷ್ಣಗಿರಿಯವರೆಗೆ ಹಬ್ಬಿರುವ ಬಂಡೆಗುಡ್ಡಗಳ ಸೀಮೆ ದಕ್ಷಿಣ ಭಾರತದಲ್ಲಿ ವೀರಗಲ್ಲುಗಳು ದಟ್ಟವಾಗಿ ಸಿಗುವ ಪ್ರದೇಶಗಳಲ್ಲಿ ಒಂದು. ತುರುಗೋಳಿನಲ್ಲಿ, ಎಂದರೆ ಹಗೆಗಳು ದನಗಳನ್ನು ಹೊಡೆದುಕೊಂಡು ಹೋಗುವ ದಾಳಿಯಲ್ಲಿ, ಅವನ್ನು ಬಿಡಿಸಿ ತರಲು ಕಾದುವಾಗ, ಊರಿಗೆ ದಾಳಿ ಬಿದ್ದಾಗ, ಹೆಂಗಸರ ಮಾನ ಕಾಯುವಾಗ ಅಥವಾ ಕಾಡುಮೃಗದೊಡನೆ ಸೆಣಸುವಾಗ ಮಡಿದವನಿಗಾಗಿ ನೆಟ್ಟ ಕಲ್ಲು ಕನ್ನಡದವರಿಗೆ ವೀರಗಲ್ಲು, ತಮಿಳರಿಗೆ ನಡುಕಲ್. ಇತಿಹಾಸಕಾರರು ಈ ಕಲ್ಲುಗಳಿಂದ ಅರಸರ ಆಳ್ವಿಕೆಯ ವರ್ಷಗಳನ್ನು, ರಾಜ್ಯಗಳ ಗಡಿಗಳನ್ನು, ಲಿಪಿ ಬದಲಾದ ಬಗೆಯನ್ನು ತಿಳಿದುಕೊಂಡಿದ್ದಾರೆ. ಆದರೆ ಕಲ್ಲು ನೆಡಿಸಿದವರ ಕಾಳಜಿ ಬೇರೆಯದು. ಮಡಿದವನು ತಾನಾಗಿ ಸಾವಿನೆದುರು ನಿಂತನೇ, ಇಲ್ಲವೇ ನಿಲ್ಲದೆ ಗತಿಯಿರಲಿಲ್ಲವೇ ಎಂಬುದು ಒಂದು ಪ್ರಶ್ನೆ. ಮಡಿದ ಮೇಲೆ ಪೂಜೆ ಪಡೆಯುವವನು ಆ ಮನುಷ್ಯನೇ ಹೌದೇ ಎಂಬುದು ಇನ್ನೊಂದು. ಮೊದಲನೆಯದನ್ನು ತತ್ತ್ವಶಾಸ್ತ್ರ ಇಚ್ಛಾಸ್ವಾತಂತ್ರ್ಯದ ಪ್ರಶ್ನೆ ಎನ್ನುತ್ತದೆ. ಎರಡನೆಯದನ್ನು ವ್ಯಕ್ತಿಯ ಅನನ್ಯತೆಯ, ಅಂದರೆ ಕಾಲ ಕಳೆದರೂ, ದೇಹ ಅಳಿದರೂ ಒಬ್ಬನು ಅದೇ ಒಬ್ಬನಾಗಿ ಉಳಿಯುವುದು ಹೇಗೆ ಎಂಬ ಪ್ರಶ್ನೆ ಎನ್ನುತ್ತದೆ. ಈ ಸೀಮೆಯಲ್ಲಿ ಎರಡಕ್ಕೂ ಕಲ್ಲಿನ ಮೇಲೆಯೇ ಉತ್ತರ ಬರೆದಿದ್ದಾರೆ, ಆ ಉತ್ತರ ಗ್ರಂಥಗಳ ಉತ್ತರಕ್ಕಿಂತ ಭಿನ್ನವಾಗಿದೆ.

ಸತ್ತವರಿಗಾಗಿ ಕಲ್ಲು ನಿಲ್ಲಿಸುವುದು ಇಲ್ಲಿ ಅಕ್ಷರಕ್ಕಿಂತ ಹಳೆಯದು. ಇಲ್ಲಿನ ಜನವಸತಿಯೇ ಬಹಳ ಹಿಂದಿನದು: ಬರ್ಗೂರಿನ ಕಡೆಯ ಮಯಿಲಾಡುಂಪಾರೈಯ ಉತ್ಖನನದಲ್ಲಿ ಕಬ್ಬಿಣದ ಬಳಕೆಗೆ ಕ್ರಿ.ಪೂ. 2172ರಷ್ಟು ಹಿಂದಿನ ಕಾಲಮಾನ ಸಿಕ್ಕಿದೆಯೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಶೂಲಗಿರಿಯ ಬಳಿಯ ಮಲ್ಲಚಂದ್ರದಲ್ಲಿ ಸತ್ತವರಿಗಾಗಿ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳ ಗುಂಪೇ ಇದೆ. ಇದರ ಬಳಿಕ ತಗಡೂರಿನ, ಎಂದರೆ ಇಂದಿನ ಧರ್ಮಪುರಿಯ, ಅದಿಯಮಾನರು, ಗಂಗರು, ನೊಳಂಬರು, ಚೋಳರು, ಹೊಯ್ಸಳರು ಈ ನೆಲವನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡರು. 893ರಲ್ಲಿ ನೊಳಂಬ ಮಹೇಂದ್ರನ ಕಾಲದಲ್ಲಿ ತಗಡೂರಿನಲ್ಲಿ ಬಸದಿಯೊಂದು ಎದ್ದುದನ್ನು ಹೇಳುವ ಶಾಸನ ಕನ್ನಡದಲ್ಲಿದೆ. 13ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಯ್ಸಳ ರಾಮನಾಥನು ಈ ಸೀಮೆಯ ಕುಂದಾಣಿಯಿಂದ ಆಳಿದನು. ಹೀಗೆ ಕನ್ನಡ ಅಕ್ಷರದ ಕಲ್ಲುಗಳೂ ವಟ್ಟೆಳುತ್ತು ಎಂಬ ಹಳೆಯ ತಮಿಳು ಲಿಪಿಯ ಕಲ್ಲುಗಳೂ ಒಂದೇ ಸೀಮೆಯಲ್ಲಿ ನಿಂತಿವೆ. ಇವನ್ನು ಭಾಷೆಯ ಲೆಕ್ಕದಲ್ಲಿ ಹಂಚಿಕೊಳ್ಳಲು ಹೊರಡುವವರಿಗೆ ಸಂಪ್ರದಾಯ ಅರ್ಥವಾಗುವುದಿಲ್ಲ.

ಕನ್ನಡದ ಕಡೆ ರೂಢಿಗೆ ಬಂದ ವೀರಗಲ್ಲು ಸಾಮಾನ್ಯವಾಗಿ ಮೂರು ಪಟ್ಟಿಕೆಗಳದು, ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲನ್ನೋ ಕತ್ತಿಯನ್ನೋ ಹಿಡಿದ ವೀರ, ಎದುರಿಗೆ ಹಗೆಗಳು, ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿ ಕಡೆದ ದನಗಳು. ಎಷ್ಟೋ ಕಲ್ಲುಗಳಲ್ಲಿ ವೀರನ ಮೈಗೆ ಬಾಣಗಳು ನಾಟಿರುತ್ತವೆ. ನಡುವಿನದರಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದೆದುರು ಕೈಮುಗಿದು ಕುಳಿತಿದ್ದಾನೆ: ಬಿಲ್ಲಿಲ್ಲ, ಕತ್ತಿಯಿಲ್ಲ, ಮೈಯಲ್ಲಿ ಗಾಯವಿಲ್ಲ. ಬಾಣ ನಾಟಿದ ದೇಹ ಕೆಳಗೇ ಉಳಿದಿರುವಾಗ ಮೇಲೆ ಕುಳಿತವನು ಅವನೇ ಎಂದು ತಿಳಿಯುವುದು ಹೇಗೆ? ಶಿಲ್ಪಿ ಇದಕ್ಕಾಗಿ ಆತ್ಮದ ಸಿದ್ಧಾಂತವನ್ನು ಹುಡುಕಿಕೊಂಡು ಹೋಗಲಿಲ್ಲ. ಅದೇ ತುರುಬನ್ನು, ಅದೇ ಮೈಕಟ್ಟನ್ನು ಮೂರು ಕಡೆಯೂ ಕಡೆದು ಬಿಟ್ಟನು.

ಕಲ್ಲಿನ ಬರಹವನ್ನು ಹತ್ತಿರದಿಂದ ನೋಡಿದರೆ ಇಚ್ಛಾಸ್ವಾತಂತ್ರ್ಯದ ಪ್ರಶ್ನೆ ವ್ಯಾಕರಣದಲ್ಲೇ ಅಡಗಿರುವುದು ಕಾಣುತ್ತದೆ. ಹಳಗನ್ನಡದ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳಲ್ಲಿ ‘ಬೆಸಸೆ’ ಒಂದು. ಬೆಸ ಎಂದರೆ ಆಜ್ಞೆ, ಬೆಸಸೆ ಎಂದರೆ ಆಜ್ಞೆ ಮಾಡಿದಾಗ. ಒಡೆಯ ಬೆಸಸಿದ್ದೂ, ಆಳು ಕಾದಿ ಸತ್ತದ್ದೂ ಒಂದೇ ವಾಕ್ಯದಲ್ಲಿ ಬರುತ್ತವೆ: ಕಳಿಸಿದವನೊಬ್ಬ, ಆದರೆ ವಾಕ್ಯದ ಕೊನೆಗೆ ಕ್ರಿಯಾಪದದ ಕರ್ತೃವಾಗಿ ನಿಲ್ಲುವವನು ಸತ್ತವನೇ. ಆಜ್ಞೆಯಿದ್ದುದರಿಂದ ಕೃತ್ಯ ಅವನದಲ್ಲ ಎಂದು ಕಲ್ಲು ಬರೆದವರು ಭಾವಿಸಲಿಲ್ಲ. ಕಾರಣಗಳ ಕಟ್ಟಿನೊಳಗಿದ್ದೂ ಮನುಷ್ಯನ ಕೆಲಸ ಅವನದೇ ಆಗಬಲ್ಲದು ಎಂಬ ವಾದ ಪಶ್ಚಿಮದ ತತ್ತ್ವಶಾಸ್ತ್ರದಲ್ಲಿ ಇಂದಿಗೂ ಚರ್ಚೆಯಲ್ಲಿದೆ. ಇಲ್ಲಿ ಅದು ಚರ್ಚೆಯಿಲ್ಲದೆ ರೂಢಿಯಾಗಿತ್ತು.

ರೂಢಿಯಾಗಿತ್ತೆಂದ ಮಾತ್ರಕ್ಕೆ ನಿರ್ಮಲವಾಗಿತ್ತೆಂದು ಹೇಳಲಾಗದು. ಒಡೆಯ ಸತ್ತರೆ ತಾನೂ ಸಾಯುವೆನೆಂದು ಮೊದಲೇ ಮಾತು ಕೊಟ್ಟವರನ್ನು ವೇಳೆವಾಳಿಗಳೆಂದೂ, ಹೊಯ್ಸಳರ ಕಾಲದಲ್ಲಿ ಗರುಡರೆಂದೂ ಕರೆಯುತ್ತಿದ್ದರು. ಒಡೆಯನ ಶವದ ಕೆಳಗೆ ತಾನೂ ಹೂತುಕೊಳ್ಳುವುದಕ್ಕೆ ಕೀಳ್ಗುಂಟೆ ಎಂಬ ಹೆಸರಿತ್ತು. ಮೈಸೂರು ಸೀಮೆಯ ದೊಡ್ಡಹುಂಡಿಯ 9ನೆಯ ಶತಮಾನದ ಕಲ್ಲಿನಲ್ಲಿ ಗಂಗರ ಅರಸ ನೀತಿಮಾರ್ಗ ಮಂಚದ ಮೇಲೆ ಮಲಗಿ ಸಾಯುತ್ತಿದ್ದಾನೆ, ಮಗ ಸತ್ಯವಾಕ್ಯನೂ ಸೇವಕ ಅಗರಯ್ಯನೂ ಹತ್ತಿರದಲ್ಲಿದ್ದಾರೆ, ಕೀಳ್ಗುಂಟೆಯಾದವನು ಅಗರಯ್ಯ. ಮಾತು ಕೊಟ್ಟ ದಿನ ಅವನು ಸ್ವತಂತ್ರನಾಗಿದ್ದಿರಬಹುದು, ಸಾಯುವ ದಿನ ಹಿಂದೆ ಸರಿಯುವ ಸ್ವಾತಂತ್ರ್ಯ ಅವನಿಗಿತ್ತೇ ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಹಿಂದೆ ಸರಿದವರಿಗೆ ಕಲ್ಲು ನೆಡುವ ಪದ್ಧತಿಯೂ ಇರಲಿಲ್ಲ. ಇನ್ನು ಸಾವಿಗೆ ಬೆಲೆಯೂ ಇತ್ತು: ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ಕನ್ನಡದಲ್ಲಿ ನೆತ್ತರುಗೊಡಗೆ, ಬಾಳ್ಗಚ್ಚು, ತಮಿಳಿನಲ್ಲಿ ಉದಿರಪ್ಪಟ್ಟಿ, ಅಂದರೆ ರಕ್ತದ ಹೊಲ. ಮನೆಯಲ್ಲಿ ಹೊಲವಿಲ್ಲದವನ ಶೌರ್ಯದಲ್ಲಿ ಇಚ್ಛೆಯೆಷ್ಟು, ಬಡತನವೆಷ್ಟು ಎಂದು ಅಳೆಯುವುದು ಕಷ್ಟ.

ಕಲ್ಲಿಗೆ ಬೇಕಾದದ್ದು ಇಚ್ಛೆಯ ಶುದ್ಧಿಯಲ್ಲ, ಕೃತ್ಯ ಎಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿಗಿಂತ ಬೇರೆ ಸಾಕ್ಷಿ ಬೇಡ. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ತನ್ನ ಆಳು ಮಣಲೇರನಿಗೆ ಗಂಗರ ಅರಸ ಬೂತುಗನು ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ನಾಯಿಯ ಹೆಸರಿನಲ್ಲಿ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟರು. ಕಾಳಿಗೆ ಆಯ್ಕೆಯಿತ್ತೇ ಎಂದು ಯಾರೂ ಕೇಳಿದಂತಿಲ್ಲ.

ಹೊಸೂರು–ಕೃಷ್ಣಗಿರಿ ಸೀಮೆಯ ನೆರೆಹೊರೆಯಲ್ಲೇ ಆಯ್ಕೆಯೆಂಬುದೇ ಸುಳ್ಳು ಎನ್ನುವವರೂ ಬಾಳಿದ್ದರು. ಬುದ್ಧನ ಸಮಕಾಲೀನ ಮಕ್ಖಲಿ ಗೋಸಾಲನ ಅನುಯಾಯಿಗಳಾದ ಆಜೀವಿಕರ ಪ್ರಕಾರ ಎಲ್ಲವನ್ನೂ ನಡೆಸುವುದು ನಿಯತಿ, ಎಂದರೆ ಮೀರಲಾಗದ ಕಟ್ಟಳೆ. ಎಸೆದ ದಾರದುಂಡೆ ದಾರ ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತ ಉರುಳುವಂತೆ ಜೀವವೂ ತನ್ನ ಜನ್ಮಗಳ ಸಾಲನ್ನು ಮುಗಿಸಿಯೇ ನಿಲ್ಲುತ್ತದೆ, ಪುರುಷಪ್ರಯತ್ನದಿಂದ ಕೂದಲಷ್ಟೂ ಬದಲಾಗದು. ಉತ್ತರದಲ್ಲಿ ಅಳಿದ ಈ ಪಂಥ ದಕ್ಷಿಣದಲ್ಲಿ 14ನೆಯ ಶತಮಾನದವರೆಗೂ ಉಳಿದಿತ್ತು. ಹೊಸೂರಿಗೆ ಹತ್ತಿರದ ಕೋಲಾರ ಸೀಮೆಯ ಶಾಸನಗಳಲ್ಲಿ ಆಜೀವಿಕರ ಕುರಿತ ತೆರಿಗೆಯ ಉಲ್ಲೇಖಗಳಿವೆಯೆಂದು ಇತಿಹಾಸಕಾರ ಎ. ಎಲ್. ಬಾಷಮ್ 1951ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ನಿಯತಿವಾದಿಗೆ ವೀರಗಲ್ಲು ಅರ್ಥಹೀನ, ಏಕೆಂದರೆ ಉರುಳಿದ ಉಂಡೆಯನ್ನು ಹೊಗಳುವುದರಲ್ಲಿ ಏನಿದೆ? ಆದರೂ ಹಣೆಬರಹವನ್ನು ನಂಬುವ ಹಳ್ಳಿಗಳೇ ಕಲ್ಲುಗಳನ್ನೂ ನೆಟ್ಟವು. ಒಂದು ದುಃಖಕ್ಕೆ, ಇನ್ನೊಂದು ಮೆಚ್ಚುಗೆಗೆ ಬೇಕಾಗಿತ್ತು.

ಅನನ್ಯತೆಯ ಪ್ರಶ್ನೆಯನ್ನು ಈ ಸೀಮೆಯಲ್ಲಿ ಬಹಳ ಹಿಂದೆಯೇ ತೀಕ್ಷ್ಣವಾಗಿ ಎತ್ತಿದವಳು ತಗಡೂರಿನ ಅದಿಯಮಾನ್ ನೆಡುಮಾನ್ ಅಂಜಿಯ ಆಸ್ಥಾನದ ಕವಿ ಅವ್ವೈಯಾರ್. ಅವನ ನಡುಕಲ್ಲಿಗೆ ನವಿಲುಗರಿ ಸೂಡಿಸಿ, ಸಣ್ಣ ಪಾತ್ರೆಯಲ್ಲಿ ಕಳ್ಳು ಎರೆಯುವುದನ್ನು ಕಂಡು, ಬೆಟ್ಟಸಾಲಿನ ನಾಡನ್ನೇ ಕೊಟ್ಟರೂ ಒಲ್ಲದಿದ್ದವನು ಇಷ್ಟನ್ನು ಸ್ವೀಕರಿಸುವನೇ ಎಂದು ಅವಳು ಕೇಳಿದ್ದು ‘ಪುರನಾನೂರು’ ಸಂಕಲನದಲ್ಲಿದೆ. ತೊಲ್ಕಾಪ್ಪಿಯಂ ಹೇಳುವಂತೆ ಕಲ್ಲನ್ನು ಆರಿಸುವುದು, ನೀರಿನಲ್ಲಿ ಮೀಯಿಸುವುದು, ನೆಡುವುದು, ಎಡೆಯಿಡುವುದು, ಹೊಗಳುವುದು ಮುಂತಾದ ಆರು ಹಂತಗಳಲ್ಲಿ ಬಂಡೆಯ ತುಂಡು ಮನುಷ್ಯನಾಗುತ್ತದೆ. ಅವ್ವೈಯಾರ್ ಆ ವಿಧಿಯನ್ನು ಅಲ್ಲಗಳೆಯದೆಯೇ ಅನುಮಾನವೊಂದನ್ನು ಎಸೆದಳು. ಸ್ವಭಾವ ಉಳಿಯದಿದ್ದರೆ ಅವನೇ ಉಳಿದಂತಾಯಿತೇ ಎಂಬುದು ಆ ಅನುಮಾನದ ತಿರುಳು.

ಇದೇ ಪ್ರಶ್ನೆಗೆ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ತನ್ನ ಗ್ರಂಥಕ್ಕೆ ಸೇರಿಸಿದ ಅಧ್ಯಾಯದಲ್ಲಿ, ತನ್ನ ಹಿಂದಿನ ಕೃತ್ಯವನ್ನು ತಾನೇ ಮಾಡಿದೆನೆಂದು ಅರಿತಿರುವಷ್ಟರ ಮಟ್ಟಿಗೆ ಒಬ್ಬನು ಅದೇ ವ್ಯಕ್ತಿ ಎಂದನು. ಲಾಕನ ನೆನಪು ವ್ಯಕ್ತಿಯ ಒಳಗಿನದು; ವೀರಗಲ್ಲಿನ ನೆನಪು ಇತರರದು. ಇಂಥವನ ಮಗ, ಇಂಥ ಊರಿನವನು, ಇಂಥವನ ಆಳು ಎಂದು ಕಲ್ಲು ಅವನನ್ನು ಸಂಬಂಧಗಳಿಂದ ಗುರುತಿಸುತ್ತದೆ, ಮನಸ್ಸಿನೊಳಗೆ ಇಣುಕುವುದಿಲ್ಲ. ಆದರೆ ಇತರರ ನೆನಪೂ ಸವೆಯುತ್ತದೆ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ ಬೇರೆ ಬೇರೆ ಹೆಸರಿನ ಎಷ್ಟೋ ವೀರರು ಈಗ ವೇಡಿಯಪ್ಪನ್ ಎಂಬ ಒಂದೇ ಹೆಸರಿನ ದೇವರಾಗಿದ್ದಾರೆ. ಎಣ್ಣೆ, ಅರಿಶಿನಗಳ ಪದರದಡಿ ಅಕ್ಷರ ಮುಚ್ಚಿದೆ, ತಂದೆಯ ಹೆಸರು ಹೋಗಿದೆ, ಒಡೆಯನ ಹೆಸರಂತೂ ಯಾರಿಗೂ ಬೇಕಿಲ್ಲ. ಕಾಯುವವನು ಎಂಬ ಕೆಲಸ ಮಾತ್ರ ಉಳಿದಿದೆ. ಇದನ್ನು ಮರೆವು ಎನ್ನುವುದು ಪೂರ್ತಿ ಸರಿಯಲ್ಲ. ಅವನು ಯಾವುದಕ್ಕಾಗಿ ಕಲ್ಲಾದನೋ ಆ ಕೆಲಸವನ್ನು ಊರು ಅವನಿಂದ ಇಂದಿಗೂ ಮಾಡಿಸಿಕೊಳ್ಳುತ್ತಿದೆ.

ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಇಂಥ ಕಲ್ಲುಗಳ ಅಕ್ಷರ ಓದಬಹುದು, ಹೊಲದಲ್ಲಿರುವವುಗಳ ಮುಂದೆ ದೀಪ ಕಾಣಬಹುದು. ಹೊಸೂರಿನ ಸುತ್ತ ನಿವೇಶನಗಳಿಗಾಗಿ ನೆಲ ಸಮಮಾಡುವವರು ಬದುವಿನಲ್ಲಿ ಕೆತ್ತನೆಯ ಚಪ್ಪಡಿ ಸಿಕ್ಕರೆ ಅದನ್ನು ತಳಪಾಯಕ್ಕೆ ಹಾಕದೆ, ಅಕ್ಷರವಿರುವ ಕಡೆ ಬಣ್ಣ ಬಳಿಯದೆ, ಓದಬಲ್ಲವರು ಬರುವವರೆಗೆ ನಿಂತಲ್ಲೇ ನಿಲ್ಲಲು ಬಿಡಬೇಕು.