ಆದೇಶದಿಂದ ಅಮಲ್ಜಾರಿವರೆಗೆ

ಗ್ರಾಹಕ ಆಯೋಗಕ್ಕೆ ಬರುವ ದೂರಿನ ಕಡತ ಸಾಮಾನ್ಯವಾಗಿ ತೆಳ್ಳಗಿರುತ್ತದೆ. ಕೆಟ್ಟುಹೋದ ಫ್ರಿಜ್ಜಿನ ಬಿಲ್ಲು, ವಾರಂಟಿ ಕಾರ್ಡು, ಕಂಪನಿಗೆ ಕಳುಹಿಸಿದ ನೋಟಿಸಿನ ಪ್ರತಿ, ಅಂಚೆ ರಸೀದಿ, ಮೇಲೊಂದು ಪ್ರಮಾಣಪತ್ರ. ದೂರುದಾರರೇ ಎದ್ದು ನಿಂತು ತಮ್ಮ ಅಹವಾಲನ್ನು ಕನ್ನಡದಲ್ಲಿ ಹೇಳಿಕೊಳ್ಳಬಹುದು. ವಕೀಲರು ಇರಲೇಬೇಕೆಂಬ ಕಟ್ಟುಪಾಡಿಲ್ಲ. ಇಂದು ಇದು ಸಹಜವೆನಿಸುತ್ತದೆ. ಆದರೆ ನಾಲ್ಕು ದಶಕಗಳ ಹಿಂದೆ ಇಂಥ ಒಂದು ಜಾಗವೇ ಇರಲಿಲ್ಲ.

ಆಗ ಮಿಕ್ಸಿ ಕೆಟ್ಟರೂ, ಕಟ್ಟಿದ ಹಣಕ್ಕೆ ಸೈಟು ಸಿಗದಿದ್ದರೂ ಸಿವಿಲ್ ಕೋರ್ಟೇ ಗತಿ. ದಾವೆಯ ಮೌಲ್ಯಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಿ, ವಕಾಲತ್ತು ಹಾಕಿಸಿ, ವಾಯಿದೆಯ ಮೇಲೆ ವಾಯಿದೆ ಎಣಿಸಬೇಕಿತ್ತು. ಸಣ್ಣ ಮೊತ್ತ ಕಳೆದುಕೊಂಡವರು ಅದನ್ನು ವಸೂಲು ಮಾಡಲು ಅದಕ್ಕಿಂತ ಹೆಚ್ಚು ಖರ್ಚು ಮಾಡಬೇಕಾದಾಗ ಸುಮ್ಮನಾಗುವುದೇ ರೂಢಿಯಾಗಿತ್ತು. 1985ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆ ಗ್ರಾಹಕ ರಕ್ಷಣೆಯ ಮಾರ್ಗಸೂಚಿಗಳನ್ನು ಒಪ್ಪಿಕೊಂಡಿತು. ಮರುವರ್ಷ ನಮ್ಮ ಸಂಸತ್ತು ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ತಂದಿತು. 1986ರ ಡಿಸೆಂಬರ್ 24ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ದಿನವನ್ನೇ ನಾವು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತೇವೆ. ಜಿಲ್ಲಾ ವೇದಿಕೆ, ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗಗಳ ಅಧ್ಯಾಯ ಜಾರಿಗೆ ಬಂದದ್ದು 1987ರ ಜುಲೈ 1ರಂದು. ಜಿಲ್ಲಾ ವೇದಿಕೆಯ ಪೀಠದಲ್ಲಿ ನ್ಯಾಯಾಧೀಶರ ಜೊತೆ ಇಬ್ಬರು ಸದಸ್ಯರು, ಅವರಲ್ಲಿ ಒಬ್ಬರು ಮಹಿಳೆಯೇ ಆಗಿರಬೇಕು ಎಂದು ಕಾಯ್ದೆ ಹೇಳಿತ್ತು. ಮನೆಯ ಸಂತೆ, ಸರಕು, ಖರ್ಚು ಬಲ್ಲವರು ತೀರ್ಪಿನಲ್ಲಿ ಪಾಲು ಪಡೆಯಬೇಕೆಂಬ ಈ ಯೋಚನೆ ಆ ಕಾಯ್ದೆಯ ಅತ್ಯುತ್ತಮ ಅಂಶಗಳಲ್ಲೊಂದು ಎಂದು ನಾನು ನಂಬಿದ್ದೇನೆ.

ಮುಂದೆ ಎರಡು ದೊಡ್ಡ ತೀರ್ಪುಗಳು ಆಯೋಗಗಳ ವ್ಯಾಪ್ತಿಯನ್ನು ಹಿಗ್ಗಿಸಿದವು. 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸರ್ಕಾರಿ ಪ್ರಾಧಿಕಾರಗಳೂ ಸೇವಾ ನ್ಯೂನತೆಗೆ ಉತ್ತರ ಕೊಡಬೇಕು ಎಂದಾಯಿತು. 1995ರಲ್ಲಿ ಹಣ ಪಡೆದು ಚಿಕಿತ್ಸೆ ನೀಡುವ ವೈದ್ಯರೂ ಆಸ್ಪತ್ರೆಗಳೂ ಕಾಯ್ದೆಯೊಳಗೆ ಬಂದರು.

ಕರ್ನಾಟಕ ಈ ಇತಿಹಾಸದಲ್ಲಿ ಬರೀ ಅನುಯಾಯಿಯಲ್ಲ. ಇಡೀ ಕಾಯ್ದೆ ಸಂವಿಧಾನಬದ್ಧವೇ ಎಂಬ ಪ್ರಶ್ನೆ ದೇಶಕ್ಕೆಲ್ಲ ಇತ್ಯರ್ಥವಾದದ್ದು ನಮ್ಮ ರಾಜ್ಯದಿಂದ ಹೋದ ಪ್ರಕರಣದಲ್ಲಿ. ಒಂದು ಕಡೆ ಕರ್ನಾಟಕ ಸರ್ಕಾರ, ಇನ್ನೊಂದು ಕಡೆ ವಿಶ್ವಭಾರತಿ ಗೃಹ ನಿರ್ಮಾಣ ಸಹಕಾರ ಸಂಘ. ಸಿವಿಲ್ ಕೋರ್ಟುಗಳಿರುವಾಗ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ನ್ಯಾಯವ್ಯವಸ್ಥೆ ಕಟ್ಟಲು ಸಂಸತ್ತಿಗೆ ಅಧಿಕಾರವಿದೆಯೇ, ಆ ವೇದಿಕೆಗಳು ತಮ್ಮ ಆದೇಶವನ್ನು ತಾವೇ ಜಾರಿ ಮಾಡಬಹುದೇ ಎಂಬುದು ತಕರಾರಿನ ತಿರುಳು. 2003ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಈ ವೇದಿಕೆಗಳು ಸಿವಿಲ್ ಕೋರ್ಟನ್ನು ಕಿತ್ತುಹಾಕುವುದಿಲ್ಲ, ಅದರ ಜೊತೆಗೆ ನಿಲ್ಲುತ್ತವೆ ಎಂಬುದು ಅದರ ಸಾರ. ಆ ದಿನ ತೀರ್ಪು ತಿರುಗಿಬಿದ್ದಿದ್ದರೆ ದೇಶದ ಎಲ್ಲ ಜಿಲ್ಲಾ ವೇದಿಕೆಗಳ ಬುಡವೇ ಅಲುಗಾಡುತ್ತಿತ್ತು.

ಇನ್ನೊಂದು ಬೆಳಗಾವಿಯದು. ಅಶೋಕ್ ಐರನ್ ವರ್ಕ್ಸ್ ಎಂಬ ಕಂಪನಿ ವಿದ್ಯುತ್ ಸಂಪರ್ಕಕ್ಕೆ ಹಣ ಕಟ್ಟಿ, ಪೂರೈಕೆ ತಡವಾಯಿತೆಂದು ದೂರಿತು. ಕಂಪನಿಯೊಂದು ‘ವ್ಯಕ್ತಿ’ಯೇ, ವಿದ್ಯುತ್ತು ಮಾರಾಟವಾಗುವ ಸರಕೋ ಅಥವಾ ಸೇವೆಯೋ, ಕಾರ್ಖಾನೆಗೆ ಬಳಸಿದರೆ ಅದು ವಾಣಿಜ್ಯ ಉದ್ದೇಶವಾಗುವುದಿಲ್ಲವೇ? ಹೀಗೆ ಒಂದರ ಬೆನ್ನಿಗೊಂದು ಪ್ರಶ್ನೆ ಎದ್ದವು. 2009ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯೂ ವ್ಯಕ್ತಿಯೇ, ವಿದ್ಯುತ್ ಪೂರೈಕೆ ಸೇವೆಯೇ ಎಂದಿತು. ವಾಣಿಜ್ಯ ಉದ್ದೇಶದ ಸೇವೆಯನ್ನು ಕಾಯ್ದೆಯಿಂದ ಹೊರಗಿಟ್ಟ ತಿದ್ದುಪಡಿ ಜಾರಿಗೆ ಬಂದದ್ದು 2003ರ ಮಾರ್ಚ್‌ನಲ್ಲಿ. ಈ ದೂರು ಅದಕ್ಕಿಂತ ಹಳೆಯದು. ವಿದ್ಯುತ್ತು ಸೇವೆ ಎಂಬ ಆ ಮಾತಿನ ಫಲ ಮನೆಮನೆಯ ಮೀಟರಿನವರೆಗೂ ಮುಟ್ಟಿದೆ.

ಇಷ್ಟೆಲ್ಲ ಇದ್ದೂ ಕಾಲದ ವಿಷಯದಲ್ಲಿ ನಮ್ಮ ಆಯೋಗಗಳು ಮಾತು ಉಳಿಸಿಕೊಂಡಿಲ್ಲ. ಪ್ರಯೋಗಾಲಯದ ಪರೀಕ್ಷೆ ಬೇಡವಾದ ದೂರು ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಆಶಿಸುತ್ತದೆ. ನಡೆಯುವುದು ಬೇರೆ. ಎದುರುದಾರರು ತಕರಾರು ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ, ಅದರಾಚೆಗೆ ಒಂದು ದಿನವೂ ಇಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಚಿತಪಡಿಸಿದ ಮೇಲೆ ಒಂದು ಸೋರಿಕೆಯಂತೂ ನಿಂತಿತು. ಆದರೆ ಅಧ್ಯಕ್ಷರೂ ಸದಸ್ಯರೂ ಇಲ್ಲದ ಖಾಲಿ ಪೀಠಕ್ಕೆ ಯಾವ ಗಡುವು ತಾನೇ ಅನ್ವಯಿಸೀತು? ದೇಶದಾದ್ಯಂತ ಇಂಥ ಹುದ್ದೆಗಳು ಖಾಲಿ ಉಳಿದದ್ದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ನೇಮಕಾತಿ ಸರ್ಕಾರಗಳ ಹೊಣೆ. ಅದನ್ನು ನೆನಪಿಸಲು ಕೋರ್ಟು ಬೇಕಾಗಬಾರದಿತ್ತು.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯ್ದೆ ವೇದಿಕೆಗೆ ಆಯೋಗವೆಂದು ಹೆಸರಿಟ್ಟಿತು. ಆನ್‌ಲೈನ್ ದೂರು, ಮಧ್ಯಸ್ಥಿಕೆಗಳೂ ಬಂದವು. ಹಣದ ಮಿತಿಯೂ ಬದಲಾಯಿತು: ಈಗ ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲೆ, 2 ಕೋಟಿಯವರೆಗೆ ರಾಜ್ಯ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆಯೇ ಒಂದು ಬದಲಾವಣೆ. ದೂರುದಾರರು ತಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಮುಂಬೈ ಕಂಪನಿಯ ವೆಬ್‌ಸೈಟಿನಲ್ಲಿ ಮೊಬೈಲು ಕೊಂಡ ಕೊಪ್ಪಳದ ವಿದ್ಯಾರ್ಥಿನಿ ಕೊಪ್ಪಳ ಜಿಲ್ಲಾ ಆಯೋಗಕ್ಕೇ ಹೋದರೆ ಸಾಕು, ಬರಬೇಕಾದವರು ಅವರು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಇನ್ನು ಆದೇಶದ ಕೊನೆಯ ಪುಟ. ಕಟ್ಟಿದ ಹಣ ಬಡ್ಡಿ ಸಮೇತ ವಾಪಸು, ಮಾನಸಿಕ ವೇದನೆಗೆ ಇಂತಿಷ್ಟು, ವ್ಯಾಜ್ಯದ ಖರ್ಚಿಗೆ ಇಂತಿಷ್ಟು, ಇಷ್ಟು ದಿನದೊಳಗೆ ಪಾವತಿಸತಕ್ಕದ್ದು. ಆ ದಿನಗಳು ಕಳೆದು ಹಣ ಬಾರದಿದ್ದರೆ ದೂರುದಾರರು ಮತ್ತೆ ಅಮಲ್ಜಾರಿ ಅರ್ಜಿ ಹಿಡಿದು ಬರಬೇಕು. 2003ರ ತಿದ್ದುಪಡಿಯಲ್ಲಿ ಒಂದು ಕಲಮಿನ ಪದಗಳು ‘ಮಧ್ಯಂತರ ಆದೇಶ’ಕ್ಕಷ್ಟೇ ಸೀಮಿತವಾಗಿಬಿಟ್ಟು, ಅಂತಿಮ ಆದೇಶವನ್ನು ಸಿವಿಲ್ ಡಿಕ್ರಿಯಂತೆ ಜಾರಿ ಮಾಡಲು ಬರುತ್ತದೆಯೇ ಎಂಬ ಗೊಂದಲ ವರ್ಷಗಟ್ಟಲೆ ಕಾಡಿತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅವಧಿಯ ಕಲಮನ್ನು ‘ಯಾವುದೇ ಆದೇಶ’ ಎಂದೇ ಓದಬೇಕೆಂದು ಹೇಳಿ ಗೊಂದಲವನ್ನು ನೀಗಿತು. ಹೊಸ ಕಾಯ್ದೆಯಲ್ಲಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕಾನೂನಿನ ಅಡ್ಡಿ ಈಗ ಉಳಿದಿಲ್ಲ. ಪ್ರತಿ ಜಿಲ್ಲಾ ಆಯೋಗದಲ್ಲೂ ಅಮಲ್ಜಾರಿ ಅರ್ಜಿಗಳಿಗೆಂದೇ ವಾರದಲ್ಲಿ ಒಂದು ದಿನ ಮೀಸಲಿಡಲಿ. ಗೆದ್ದವರ ಕೈಗೆ ಹಣ ಸೇರಿತೇ ಎಂಬುದನ್ನೂ ವಾರ್ಷಿಕ ವರದಿಯಲ್ಲಿ ಬರೆಯಲಿ.